ಮೂರನೇ ಬೇಯಲ್ಲಿ ಡಿಸ್ಕ್ ನಿಲ್ಲುತ್ತಿಲ್ಲ: ಕರಾವಳಿಯ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್‌ನ ದೋಷ ಹುಡುಕುವ ಬಗೆ

ಲಕ್ಷಣ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ನಡೆದೇ ಹೋಗಬಹುದು. 2022ರ ಕೊನೆಗೆ, ಯಾವುದೋ ಕಚೇರಿಯವರು ತೆಗೆದುಹಾಕಿದ್ದ ಟವರ್ ಸರ್ವರೊಂದನ್ನು ಬೆಂಗಳೂರಿನಿಂದ ತಂದೆ. ಕ್ಸಿಯಾನ್ ಇ3 ಪ್ರೊಸೆಸರ್, ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ 16 ಜಿಬಿ ಇಸಿಸಿ ರ‍್ಯಾಮ್, ಮುಂದುಗಡೆ ನಾಲ್ಕು ಡಿಸ್ಕ್ ಬೇ, ಅಂದರೆ ಡಿಸ್ಕ್ ತೂರಿಸುವ ಗೂಡುಗಳು. ಶಿರಸಿ ಹತ್ತಿರದ ಅಜ್ಜನ ಮನೆಯ ಅಟ್ಟದಲ್ಲಿದ್ದ ಯಕ್ಷಗಾನ, ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಡಿಜಿಟಲ್ ಮಾಡಿ ಅದರಲ್ಲಿ ಇಡುತ್ತ ಬಂದಿದ್ದೇನೆ. ಕೆಲವು ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಒಮ್ಮೆ ಓಡಿಸಿದ ಮೇಲೆ ಅವನ್ನು ಮತ್ತೆ ಓಡಿಸುವ ಹಾಗಿಲ್ಲ. ಹಾಗಾಗಿ ಈಗ ಸರ್ವರ್‌ನಲ್ಲಿ ಇರುವುದೇ ಮೂಲಪ್ರತಿ.

2024ರ ಜೂನ್ ಕೊನೆ, ಆರಿದ್ರಾ ಮಳೆ ಹಿಡಿದ ವಾರ, ಮೂರನೇ ಬೇಯ ಡಿಸ್ಕ್ ಪೂಲ್‌ನಿಂದ, ಅಂದರೆ ಡಿಸ್ಕ್‌ಗಳ ಕೂಟದಿಂದ, ಹೊರಬಿತ್ತು. ಡಿಸ್ಕ್‌ಗಳಲ್ಲಿ ಕಡತ ಇಡುವ ವ್ಯವಸ್ಥೆಯಾದ ಝಡ್‌ಎಫ್‌ಎಸ್ ಅದನ್ನು ಫಾಲ್ಟೆಡ್ (ಕೆಟ್ಟದ್ದು) ಎಂದು ಗುರುತು ಹಾಕಿತ್ತು. ಅದರ ದೋಷಪಟ್ಟಿಯ ರೀಡ್ (ಓದು) ಕಾಲಂನಲ್ಲಿ 11, ರೈಟ್ (ಬರಹ) ಕಾಲಂನಲ್ಲಿ 46, ಓದಿದ್ದು ಬರೆದದ್ದೇ ಎಂದು ತಾಳೆ ನೋಡುವ ಚೆಕ್‌ಸಮ್ ಕಾಲಂನಲ್ಲಿ ಸೊನ್ನೆ. ಹಳೆಯ ಡಿಸ್ಕ್, ಮುಗಿಯಿತು ಅಂದುಕೊಂಡು ಹೊಸದನ್ನು ಕೊಂಡು ಹಾಕಿದೆ. ರಿಸಿಲ್ವರ್ (ಜೋಡಿ ಡಿಸ್ಕಿನಿಂದ ಹೊಸದಕ್ಕೆ ಮಾಹಿತಿ ತುಂಬುವುದು) ಸರಾಗವಾಗಿ ಮುಗಿಯಿತು, ನಡುವೆ ಎರಡು ದಿನ ಹೊಳವೂ ಆಗಿತ್ತು. ಮಳೆ ಮತ್ತೆ ಹಿಡಿಯಿತು. ಆರನೇ ದಿನಕ್ಕೆ ಹೊಸ ಡಿಸ್ಕ್ ಕೂಡ ಅದೇ ರೀಡ್, ರೈಟ್ ದೋಷ ತೋರಿಸತೊಡಗಿತು.

ಇಂಥ ಯಂತ್ರ ಇಟ್ಟುಕೊಂಡವರೆಲ್ಲರೂ ಒಂದಲ್ಲ ಒಂದು ದಿನ ಇದೇ ಜಾಗಕ್ಕೆ ಬರುತ್ತಾರೆ. ನಾನು ಮೊದಲು ಮಾಡಿದ್ದು ತಪ್ಪು. ಡಿಸ್ಕ್ ಕೆಟ್ಟಿದೆ ಅನ್ನುವ ಮೊದಲು, ದೋಷ ಡಿಸ್ಕಿನ ಜೊತೆ ಓಡಾಡುತ್ತದೋ ಅಥವಾ ಜಾಗದಲ್ಲೇ ಕೂತಿರುತ್ತದೋ ನೋಡಬೇಕಿತ್ತು. ಹೇಗೆ ನೋಡುವುದು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಏನು ಮುಟ್ಟುವ ಮೊದಲೂ ಇನ್ನೊಂದು ಪ್ರತಿ

ಮಿರರ್‌ನಲ್ಲಿ, ಅಂದರೆ ಒಂದೇ ಮಾಹಿತಿ ಇಟ್ಟುಕೊಂಡ ಡಿಸ್ಕ್ ಜೋಡಿಯಲ್ಲಿ, ಒಂದು ಡಿಸ್ಕ್ ಬಿದ್ದಿದೆ ಎಂದರೆ ಉಳಿದದ್ದು ಒಂದೇ ಎಂದರ್ಥ. ಆ ಹೊತ್ತಿನಲ್ಲಿ ಕೇಬಲ್ ಎಳೆಯುವುದು, ಬೇ ಬದಲಿಸುವುದು ಬೇಡ. ಬೇರೆ ಎಲ್ಲೂ ಇಲ್ಲದ ಕಡತಗಳನ್ನು ಮೊದಲು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿ, ನಕಲನ್ನು ತೆರೆದು ನೋಡಿ. ಆಮೇಲೆ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕೆಗಳನ್ನು ಕ್ಯಾಡಿಯ (ಡಿಸ್ಕ್ ಕೂರಿಸಿ ಬೇಗೆ ತೂರಿಸುವ ಚೌಕಟ್ಟಿನ) ಮುಂಭಾಗಕ್ಕೆ ಚೀಟಿ ಅಂಟಿಸಿ ಬರೆಯಿರಿ. ರೀಬೂಟ್ ಆದಾಗ ಲಿನಕ್ಸ್ ಕೊಡುವ ಡಿಸ್ಕ್ ಹೆಸರುಗಳು ಅದಲುಬದಲಾಗಬಹುದು, ಸೀರಿಯಲ್ ನಂಬರ್ ಹಾಗಾಗುವುದಿಲ್ಲ. ಒಳ್ಳೆಯ ಡಿಸ್ಕ್ ಎಳೆದು ಕೆಟ್ಟದ್ದನ್ನು ಉಳಿಸಿಕೊಂಡವರನ್ನು ನೋಡಿದ್ದೇನೆ. ಅದು ಹೆಸರು ನಂಬಿದ್ದರಿಂದ ಆದದ್ದು.

ಅಂಕಿ ಓದುವುದು

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಆದೇಶ ಓದುತ್ತದೆ; ಅದು ಕೊಡುವ ಉದ್ದದ ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ನಾಲ್ಕೇ ಸಾಲು. 5ನೆಯದು ಬದಲಿಗೆ ಹಾಕಿದ ಸೆಕ್ಟರ್‌ಗಳ ಲೆಕ್ಕ, 197 ಓದಲಾಗದೆ ಬಾಕಿ ಇರುವ ಸೆಕ್ಟರ್‌ಗಳು, 198 ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗ ಓದಲಾಗದವು. ಈ ಮೂರೂ ಡಿಸ್ಕಿನ ಒಳಗಿನ ತಟ್ಟೆಯ ಸಂಗತಿ. 199ರ ಸಂಗತಿ ಬೇರೆ. ಅದು ಡಿಸ್ಕ್ ಮತ್ತು ಅದನ್ನು ನಡೆಸುವ ಕಂಟ್ರೋಲರ್ ಚಿಪ್ ನಡುವಿನ ತಂತಿಯಲ್ಲಿ ಮಾಹಿತಿ ಕೆಟ್ಟು ಬಂದ ಸಲಗಳ ಎಣಿಕೆ, ಸಿಆರ್‌ಸಿ ದೋಷ ಎನ್ನುತ್ತಾರೆ. ತಟ್ಟೆ ಎಷ್ಟೇ ಚೆನ್ನಾಗಿರಲಿ, ದಾರಿ ಕೆಟ್ಟಿದ್ದರೆ 199 ಏರುತ್ತದೆ.

ನಾನು ಎತ್ತಿಟ್ಟ ಡಿಸ್ಕಿನಲ್ಲಿ 5, 197, 198 ಮೂರೂ ಸೊನ್ನೆ, 199 ಮಾತ್ರ 37. ಹೊಸ ಡಿಸ್ಕಿನಲ್ಲೂ ಆರು ದಿನಕ್ಕೆ 199 ಎಂಬುದು 9 ಆಗಿತ್ತು. ಮೊದಲ ದಿನವೇ ಈ ಸಾಲು ಓದಿದ್ದರೆ ಹೊಸ ಡಿಸ್ಕಿನ ದುಡ್ಡು ಉಳಿಯುತ್ತಿತ್ತು.

199ರ ಎಣಿಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ದೋಷ ಸರಿಯಾದ ಮೇಲೂ 37 ಹಾಗೇ ಇರುತ್ತದೆ. ಆದ್ದರಿಂದ ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ನಿನ್ನೆಯಿಂದ ಇಂದಿಗೆ ಏರಿತೇ ಎನ್ನುವುದು ಮುಖ್ಯ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಇನ್ನೊಂದು ಮಾತು: ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನ ಕಚ್ಚಾ ಅಂಕಿ ಕೋಟಿಗಟ್ಟಲೆ ಕಾಣುತ್ತದೆ. ಅದು ಆ ಕಂಪನಿಯವರು ಅಂಕಿ ಬರೆಯುವ ರೀತಿ, ಹೆದರಬೇಕಾಗಿಲ್ಲ.

ಝಡ್‌ಎಫ್‌ಎಸ್‌ನ ಮೂರು ಕಾಲಂಗಳನ್ನೂ ಹೀಗೇ ಬೇರೆ ಬೇರೆಯಾಗಿ ಓದಬೇಕು. ತಂತಿಯಲ್ಲಿ ಕೆಟ್ಟ ಮಾಹಿತಿಯನ್ನು ಸಾಟಾ (ಡಿಸ್ಕ್ ಜೋಡಿಸುವ) ಸಂಪರ್ಕವೇ ಹಿಡಿದು ಮತ್ತೆ ಕೇಳುತ್ತದೆ. ಕೇಳಿ ಕೇಳಿ ಸಿಗದಿದ್ದಾಗ ಅದು ರೀಡ್ ಅಥವಾ ರೈಟ್ ದೋಷವಾಗಿ ಮೇಲೆ ಬರುತ್ತದೆ. ಸಂಪರ್ಕದ ಪರೀಕ್ಷೆಯಲ್ಲಿ ಪಾಸಾಗಿಯೂ ಒಳಗಿನ ಮಾಹಿತಿ ತಪ್ಪಿದ್ದರೆ ಚೆಕ್‌ಸಮ್ ಕಾಲಂ ಏರುತ್ತದೆ. ಅಲ್ಲಿ ಸಂಶಯ ರ‍್ಯಾಮ್, ಕಂಟ್ರೋಲರ್ ಅಥವಾ ಡಿಸ್ಕಿನ ಮೇಲೇ ಹೋಗಬೇಕು. ನನ್ನಲ್ಲಿ ಚೆಕ್‌ಸಮ್ ಸೊನ್ನೆ ಇದ್ದದ್ದು ದೊಡ್ಡ ಸುಳಿವು.

ಲಿನಕ್ಸ್ ತಾನೇ ಬರೆದಿಡುವ ಕರ್ನಲ್ ಲಾಗ್‌ನಲ್ಲೂ ಇದೇ ಕತೆ ಇತ್ತು. ‘ಹಾರ್ಡ್ ರಿಸೆಟಿಂಗ್ ಲಿಂಕ್’ ಎಂಬ ಸಾಲು ಪದೇ ಪದೇ, ಆಮೇಲೆ ಲಿಂಕ್ ವೇಗ 6 ಗಿಗಾಬಿಟ್‌ನಿಂದ 3ಕ್ಕೆ, 3ರಿಂದ 1.5ಕ್ಕೆ. ದೋಷ ಹೆಚ್ಚಿದಾಗ ಲಿನಕ್ಸ್ ತಾನಾಗಿ ವೇಗ ಇಳಿಸುತ್ತದೆ. ಫೈಲ್ ನಕಲು ಎಂದಿಲ್ಲದಷ್ಟು ನಿಧಾನ ಎನ್ನಿಸಿದರೆ ಮೊದಲು ಈ ಸಾಲು ಹುಡುಕಿ.

ಅದಲುಬದಲು

ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು, ಬದಲಿಸಿ ಪೂರಾ ಸ್ಕ್ರಬ್ (ಇಟ್ಟ ಮಾಹಿತಿಯನ್ನೆಲ್ಲ ಓದಿ ತಾಳೆ ನೋಡುವುದು) ಓಡಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ದೋಷ ಹೋದರೆ, ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಪ್ರತಿ ಸಲವೂ ಯಂತ್ರ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದೇ ಕೈ ಹಾಕಿ.

ಮೊದಲು ಒಂದನೇ ಬೇಯ ಡಿಸ್ಕನ್ನೂ ಮೂರನೇ ಬೇಯದ್ದನ್ನೂ ಅದಲುಬದಲು ಮಾಡಿದೆ. ಝಡ್‌ಎಫ್‌ಎಸ್ ಡಿಸ್ಕನ್ನು ಅದರ ಮೇಲೆ ಬರೆದ ಗುರುತಿನಿಂದ ಪತ್ತೆ ಹಚ್ಚುವುದರಿಂದ ಬೇ ಬದಲಾದರೆ ತೊಂದರೆ ಇಲ್ಲ. ಡಿಸ್ಕ್‌ಗಳನ್ನು ತಾನೇ ಜೋಡಿಸಿ ನಡೆಸುವ ಹಳೆಯ ಹಾರ್ಡ್‌ವೇರ್ ರೇಡ್ ಕಾರ್ಡ್ ಇರುವವರು ಹೀಗೆ ಮಾಡಬೇಡಿ, ಕೈಯಲ್ಲಿ ಖಾಲಿ ಡಿಸ್ಕ್ ಇದ್ದರೆ ಅದರಿಂದಲೇ ಪರೀಕ್ಷೆ ಮಾಡಿ. ನಾಲ್ಕು ದಿನ ಬಿಟ್ಟು ನೋಡಿದೆ. ಒಂದನೇ ಬೇಯಲ್ಲಿ ಒಂದೂವರೆ ವರ್ಷ ಸೊನ್ನೆ ಇಟ್ಟುಕೊಂಡು ಬಂದ ಡಿಸ್ಕ್ ಮೂರನೇ ಬೇಗೆ ಹೋದದ್ದೇ 199ರಲ್ಲಿ 22 ತೋರಿಸಿತು. ಮೂರನೇ ಬೇಯಿಂದ ಹೊರಬಂದ ಹೊಸ ಡಿಸ್ಕ್ 9ರಲ್ಲೇ ನಿಂತಿತು. ದೋಷ ಜಾಗದಲ್ಲಿದೆ ಎಂದು ಅಲ್ಲಿಗೆ ತೀರ್ಮಾನವಾಯಿತು.

ಜಾಗ ಎಂದರೆ ಮೂರು ವಸ್ತು: ಮದರ್‌ಬೋರ್ಡಿನ ಪೋರ್ಟ್, ಕೇಬಲ್, ಬೇಗಳ ಹಿಂದೆ ನಿಂತಿರುವ ಬ್ಯಾಕ್‌ಪ್ಲೇನ್ ಹಲಗೆ. ಎರಡನೇ ಮತ್ತು ಮೂರನೇ ಬೇಗಳ ಕೇಬಲ್ ಅದಲುಬದಲು ಮಾಡಿದೆ, ದೋಷ ಕೇಬಲ್ ಜೊತೆ ಹೋಗಲಿಲ್ಲ. ಬೋರ್ಡಿನಲ್ಲಿ ಪೋರ್ಟ್ ಬದಲಿಸಿದೆ, ಆಗಲೂ ಮೂರನೇ ಬೇಯಲ್ಲೇ. ಉಳಿದದ್ದು ಬ್ಯಾಕ್‌ಪ್ಲೇನ್.

ಹೆಚ್ಚಿನವರ ಮನೆಯಲ್ಲಿ ಇಷ್ಟು ದೂರ ಬರುವ ಮೊದಲೇ, ಕೇಬಲ್ ಹಂತದಲ್ಲೇ ಉತ್ತರ ಸಿಗುತ್ತದೆ. ಯಂತ್ರದೊಳಗಿನ ಸಾಟಾ ಕೇಬಲ್ ಕನೆಕ್ಟರ್‌ಗೆ ಮಾನದಂಡ ಹೇಳುವುದು 50 ಸಲ ಹಾಕಿ ತೆಗೆಯುವ ಬಾಳಿಕೆ, ಬ್ಯಾಕ್‌ಪ್ಲೇನಿನದ್ದಕ್ಕೆ 500. ಸೆಕೆಂಡ್ ಹ್ಯಾಂಡ್ ಯಂತ್ರದ ಕೇಬಲ್ ಎಷ್ಟು ಸಲ ಬಿಚ್ಚಿಸಿಕೊಂಡಿದೆಯೋ ಯಾರಿಗೆ ಗೊತ್ತು. ಕೊಂಡ ದಿನವೇ ಹೊಸ ಕೇಬಲ್ ಹಾಕಿಬಿಡುವುದು ಅತ್ಯಂತ ಅಗ್ಗದ ರಿಪೇರಿ.

ಬ್ಯಾಕ್‌ಪ್ಲೇನಿನಲ್ಲಿ ಕಂಡದ್ದು

ಕ್ಯಾಡಿ ಹೊರಗೆಳೆದು ಬೇ ಒಳಗೆ ಟಾರ್ಚ್ ಬಿಟ್ಟರೆ ಬರಿಗಣ್ಣಿಗೆ ಎಲ್ಲ ಸರಿ. ಬ್ಯಾಕ್‌ಪ್ಲೇನ್ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದಾಗ ತಿಳಿಯಿತು. ಒಂದು ಮತ್ತು ಎರಡನೇ ಕನೆಕ್ಟರ್‌ಗಳಲ್ಲಿ ಪಿನ್‌ಗಳು ತೆಳು ಹಳದಿ, ಮಿರುಗುತ್ತಿದ್ದವು. ಮೂರನೆಯದರಲ್ಲಿ ಮಾಹಿತಿ ಸಾಗುವ ಏಳು ಪಿನ್‌ಗಳ ಪೈಕಿ ತುದಿಯ ಎರಡಕ್ಕೆ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ಹಳೆಯ ತಾಮ್ರದ ಹಂಡೆಯ ಅಂಚಿಗೆ ಕಟ್ಟುವಂಥದ್ದೇ. ಪಿನ್‌ಗಳ ನಡುವಿನ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿಯ ಪುಡಿ ಪದರ. ಬೆರಳ ತುದಿಗೆ ಅದು ಅಂಟಂಟು.

ಏಕೆ ಮೂರನೆಯದಕ್ಕೆ ಮಾತ್ರ? ಯಂತ್ರ ಬಂದಾಗ ಅದರ ಜೊತೆ ಎರಡೇ ಕ್ಯಾಡಿ ಇದ್ದವು. ಮೂರು, ನಾಲ್ಕನೇ ಬೇ ಬಾಯಿ ತೆರೆದುಕೊಂಡೇ 2023ರ ಇಡೀ ಮಳೆಗಾಲ ಕಳೆದವು. ಆ ನವೆಂಬರ್‌ನಲ್ಲಷ್ಟೇ ಕ್ಯಾಡಿ ಸಿಕ್ಕಿ ಎರಡನೇ ಮಿರರ್ ಹಾಕಿದ್ದು. ಇಂಥ ಸರ್ವರ್‌ನಲ್ಲಿ ಹಿಂದಿನ ಫ್ಯಾನ್ ಮುಂದಿನಿಂದ ಗಾಳಿ ಎಳೆಯುತ್ತದೆ. ಡಿಸ್ಕ್ ಇರುವ ಬೇಯಲ್ಲಿ ಗಾಳಿಗೆ ದಾರಿ ಇಕ್ಕಟ್ಟು, ಖಾಲಿ ಬೇ ಅಗಲ. ನಾನು ಯಂತ್ರ ಇಟ್ಟಿದ್ದು ಪಡುವಣ ಕಿಟಕಿಯ ಕೆಳಗೆ, ಮೂರನೇ ಬೇಯ ಬಾಯಿ ಕಿಟಕಿಗೆ ನೇರ. ಕಡಲ ಗಾಳಿ ದಿನದ 24 ಗಂಟೆಯೂ ಆ ತೆರೆದ ಕನೆಕ್ಟರ್ ಮೇಲೆ ಹಾಯುತ್ತಿತ್ತು. ನಾಲ್ಕನೆಯದರಲ್ಲೂ ಕಿಲುಬು ಶುರುವಾಗಿತ್ತು, ತೆಳುವಾಗಿ.

ಉಪ್ಪಿನ ಕೆಲಸ ನಮ್ಮ ಅಡಿಗೆಮನೆಯಲ್ಲೇ ಕಾಣುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದರೆ ಶುದ್ಧ ಉಪ್ಪು ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಆಷಾಢದಲ್ಲಿ ಭರಣಿಯ ಉಪ್ಪು ನೀರೊಡೆಯುವುದು ಹಾಗೆ. ಪಿನ್ ಮೇಲೆ ಕೂತ ಉಪ್ಪಿನ ಕಣವೂ ಅದನ್ನೇ ಮಾಡುತ್ತದೆ, ಒದ್ದೆಯಾಗಿ ವಿದ್ಯುತ್ ಹರಿಸುವ ಪೊರೆಯಾಗುತ್ತದೆ, ಚಿನ್ನದ ಲೇಪ ಸವೆದಲ್ಲಿ ಒಳಗಿನ ತಾಮ್ರವನ್ನು ತಿನ್ನುತ್ತದೆ. ನಮ್ಮ ನಡುಮನೆಯಲ್ಲಿ ಜುಲೈಯಲ್ಲಿ ಆರ್ದ್ರತಾಮಾಪಕ 88 ತೋರಿಸುತ್ತಿತ್ತು. ಹೊಳವಾದ ಎರಡು ದಿನ ದೋಷ ನಿಂತದ್ದು ಯಾಕೆಂದು ಆಮೇಲೆ ಅರ್ಥವಾಯಿತು. ಮಳೆಯ ದಿನ ಹೆಚ್ಚುವ, ಬಿಸಿಲಿಗೆ ಕಡಿಮೆಯಾಗುವ ದೋಷ ಕಂಡರೆ ಕರಾವಳಿಯವರು ಸಾಫ್ಟ್‌ವೇರ್ ಬಿಟ್ಟು ಕನೆಕ್ಟರ್ ನೋಡಬೇಕು.

ಶುಚಿ ಮಾಡಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್, ನೂಲು ಬಿಡದ ಬಟ್ಟೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ರಬ್ಬರ್ ತಿಕ್ಕುವುದೂ ಬೇಡ, ಉಳಿದ ಚೂರು ಚಿನ್ನದ ಲೇಪವನ್ನೂ ಅದು ಒಯ್ಯುತ್ತದೆ. ತೊಳೆದ ಮೇಲೆ ಒಂದು ರಾತ್ರಿ ಒಣಗಲು ಬಿಟ್ಟೆ. ಮೂರು ವಾರ 199 ಅಲುಗಲಿಲ್ಲ, ಆಮೇಲೆ ಮತ್ತೆ ಒಂದು ಏರಿತು. ಲೇಪ ಹೋದ ಪಿನ್ ಶುಚಿ ಮಾಡಿದರೆ ಸ್ವಲ್ಪ ಕಾಲ ಸಿಗುತ್ತದೆ ಅಷ್ಟೇ, ಗುಣವಾಗುವುದಿಲ್ಲ. ಕೊನೆಗೆ ಆ ಡಿಸ್ಕನ್ನು ಮೇಲಿನ ಡಿವಿಡಿ ಡ್ರೈವಿನ ಜಾಗಕ್ಕೆ ಪಟ್ಟಿ ಹಾಕಿ ಕೂರಿಸಿ, ಬ್ಯಾಕ್‌ಪ್ಲೇನ್ ತಪ್ಪಿಸಿ ನೇರ ಕೇಬಲ್ ಕೊಟ್ಟೆ. ಯಂತ್ರವನ್ನು ಕಿಟಕಿಯಿಂದ ಎತ್ತಿ ನಡುಮನೆಯ ಒಳಗೋಡೆಗೆ ಸರಿಸಿದೆ. ಖಾಲಿ ಬೇಯ ಬಾಯಿಗೆ ಮುಚ್ಚಳ ಹಾಕಿದೆ.

ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಆಫ್ ಮಾಡಿ ಇಡುವುದು ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ನನ್ನ ಅನುಭವ ಇದಕ್ಕೆ ವಿರುದ್ಧ. ಓಡುತ್ತಿರುವ ಯಂತ್ರದ ಒಳಗೆ ಬಿಸಿ ಇರುವುದರಿಂದ ಅಲ್ಲಿ ಸಾಪೇಕ್ಷ ಆರ್ದ್ರತೆ ಹೊರಗಿಗಿಂತ ಕಡಿಮೆ. ತಣ್ಣಗೆ ಬಿದ್ದ ಯಂತ್ರಕ್ಕೇ ಮೊದಲು ತೇವ ಏರುತ್ತದೆ.

ಹಲವು ಡಿಸ್ಕ್ ಒಟ್ಟಿಗೆ ಬಿದ್ದರೆ

ಒಂದು ಡಿಸ್ಕಿನ ದೋಷಕ್ಕೆ ಮೇಲಿನ ದಾರಿ. ಎರಡು, ಮೂರು ಒಂದೇ ಹೊತ್ತಿಗೆ ಬಿದ್ದರೆ ಡಿಸ್ಕ್‌ಗಳ ಮೇಲೆ ಅನುಮಾನ ಪಡಬೇಡಿ, ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ.

ಕಂಟ್ರೋಲರ್ ಕಾರ್ಡ್ ಇದ್ದರೆ ಅದರ ಹೀಟ್‌ಸಿಂಕ್ ಮೊದಲು. ಮನೆ ಸರ್ವರ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಎಸ್‌ಐ 9211-8ಐ ತರಹದ ಕಾರ್ಡ್‌ಗಳನ್ನು ಮಾಡಿದ್ದು ಡೇಟಾ ಸೆಂಟರ್‌ನ ಜೋರು ಗಾಳಿಗೆ. ಸದ್ದಿಲ್ಲದ ಟವರ್‌ನಲ್ಲಿ ಅವು ಕೈ ಇಡಲಾಗದಷ್ಟು ಕಾಯುತ್ತವೆ, ಅವಕ್ಕೆ ತಗುಲಿದ ಡಿಸ್ಕ್‌ಗಳೆಲ್ಲ ಒಟ್ಟಿಗೆ ಕಾಣೆಯಾಗುತ್ತವೆ. ಹತ್ತು ವರ್ಷ ದಾಟಿದ ಕಾರ್ಡ್ ಆದರೆ ಒಳಗಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಪೇಸ್ಟ್ ಬದಲಿಸಿ 40 ಮಿ.ಮೀ. ಫ್ಯಾನ್ ಒಂದನ್ನು ಕಟ್ಟಿದರೆ ಸಾಕು.

ಆಮೇಲೆ ಕರೆಂಟು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಎದ್ದರೆ ಹಳೆಯ ಪವರ್ ಸಪ್ಲೈ ತಡೆಯದಿರಬಹುದು. ಮಲ್ಟಿಮೀಟರ್ ಹಿಡಿದು ಖಾಲಿ ಕನೆಕ್ಟರ್‌ನಲ್ಲಿ ಅಳೆಯಿರಿ: 12 ವೋಲ್ಟಿನದು 11.4 ಮತ್ತು 12.6ರ ನಡುವೆ, 5 ವೋಲ್ಟಿನದು 4.75 ಮತ್ತು 5.25ರ ನಡುವೆ ಇರಬೇಕು. ಆನ್ ಮಾಡುವ ಹೊತ್ತಿನಲ್ಲಿ ಅಳೆದರೆ ಮಾತ್ರ ಸತ್ಯ ತಿಳಿಯುತ್ತದೆ.

ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಇಲ್ಲ. ಶಿರಸಿಯ ಮನೆಯಲ್ಲಿ ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಅದೇ ಗತಿ. ಇನ್ವರ್ಟರ್ ಇದೆ ಎಂದ ಮಾತ್ರಕ್ಕೆ ಸರ್ವರ್ ಕ್ಷೇಮ ಎಂದಲ್ಲ. ಕರೆಂಟು ಹೋಗಿ ಬ್ಯಾಟರಿ ಹಿಡಿಯುವ ನಡುವಿನ ಅಂತರವನ್ನು ಕಂಪ್ಯೂಟರ್ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆಯುತ್ತದೆ. ಹಲವು ಇನ್ವರ್ಟರ್‌ಗಳ ಬೆನ್ನಿನಲ್ಲಿ ಯುಪಿಎಸ್ ಮೋಡ್‌ಗೆ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕದಿದ್ದರೆ ಫ್ಯಾನು, ದೀಪಕ್ಕೆ ಗೊತ್ತೇ ಆಗದ ಅಂತರದಲ್ಲಿ ಸರ್ವರ್ ರೀಬೂಟ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್) ಇರುವ ಪವರ್ ಸಪ್ಲೈ ಹಿಡಿಯದೆ ಆಫ್ ಆಗುವುದೂ ಉಂಟು, ಪ್ಯೂರ್ ಸೈನ್ ವೇವ್ ಬೇಕು. ಪರೀಕ್ಷೆ ಸುಲಭ: ಏನೂ ಬರೆಯುತ್ತಿಲ್ಲದಾಗ ಮೇನ್ ಎಂಸಿಬಿ ಇಳಿಸಿ ನೋಡಿ. ರಾತ್ರಿ ತಾನಾಗಿ ಬಿದ್ದು ಎದ್ದಿದೆಯೇ ಎಂಬುದಕ್ಕೆ ಸ್ಮಾರ್ಟ್ ಪಟ್ಟಿಯ 192ನೇ ಸಾಲು ಸಾಕ್ಷಿ, ಕರೆಂಟು ಏಕಾಏಕಿ ಹೋಗಿ ಡಿಸ್ಕಿನ ತಲೆ ಹಿಂದೆಳೆದುಕೊಂಡ ಸಲಗಳನ್ನು ಅದು ಎಣಿಸುತ್ತದೆ.

ಕ್ಯಾಡಿ ಮುಟ್ಟಿದಾಗ ಕೈ ಜುಂ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲ. ಹಳೆಯ ಮನೆಯ ಎರಡು ಪಿನ್ನಿನ ಸಾಕೆಟ್‌ಗೆ ಸರ್ವರ್ ಹಚ್ಚಲೇಬೇಡಿ.

ಚೆಕ್‌ಸಮ್ ದೋಷ ಮಿರರ್‌ನ ಎರಡೂ ಡಿಸ್ಕ್‌ಗಳಲ್ಲಿ ಒಂದೇ ಲೆಕ್ಕದಲ್ಲಿ ಏರುತ್ತಿದ್ದರೆ ಮೊದಲ ಸಂಶಯ ರ‍್ಯಾಮ್. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಇಡೀ ರಾತ್ರಿ ಓಡಲಿ.

ಕೊಳ್ಳುವಾಗಲೇ ನೋಡಬಹುದಾದದ್ದು

ಮೇಲಿನ ಅರ್ಧ ಕಷ್ಟ ಅಂಗಡಿಯಲ್ಲೇ ತಪ್ಪಿಸಬಹುದು. ಕ್ಯಾಡಿಗಳನ್ನು ಎಣಿಸಿ, ಎಲ್ಲ ಬೇಗೂ ಇರಬೇಕು. ಆಯಾ ಮಾದರಿಯ ಕ್ಯಾಡಿ ಆಯಾ ಮಾದರಿಗೇ ಸೇರುತ್ತದೆ, ಬಿಡಿಯಾಗಿ ಹುಡುಕುವುದು ನನಗೆ ಹನ್ನೊಂದು ತಿಂಗಳ ಕೆಲಸವಾಯಿತು. ಟಾರ್ಚ್ ಹಿಡಿದು ಬ್ಯಾಕ್‌ಪ್ಲೇನ್ ಪಿನ್ ನೋಡಿ.

ಪವರ್ ಸಪ್ಲೈ ಬಿಚ್ಚಿ ನೋಡಲು ಹೇಳಿ. ಡೆಲ್, ಎಚ್‌ಪಿಯಂಥ ಕಂಪನಿಗಳ ಹಲವು ಮಾದರಿಗಳಲ್ಲಿ ಕನೆಕ್ಟರ್ ಅವರದೇ ವಿನ್ಯಾಸ, ಕಾರವಾರದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಅದಕ್ಕೆ ಕೂರುವುದಿಲ್ಲ. ಘಟ್ಟದ ಮೇಲಿಂದ ಬಿಡಿಭಾಗ ಬರುವವರೆಗೆ ಯಂತ್ರ ಕೂತಿರಬೇಕು. ಎರಡು ಒಳ್ಳೆಯ ಯಂತ್ರಗಳ ನಡುವೆ ಆಯ್ಕೆ ಬಂದರೆ ಸಾಮಾನ್ಯ ಎಟಿಎಕ್ಸ್ ಪವರ್ ಸಪ್ಲೈ ಇರುವುದನ್ನೇ ತೆಗೆದುಕೊಳ್ಳಿ, ಪ್ರೊಸೆಸರ್ ಒಂದು ತಲೆಮಾರು ಹಳತಾದರೂ ಅಡ್ಡಿಯಿಲ್ಲ.

ರ‍್ಯಾಮ್ ವಿಷಯದಲ್ಲಿ ಅಗ್ಗ ಎಂದು ಮೋಸ ಹೋಗಬೇಡಿ. ಕ್ಸಿಯಾನ್ ಇ3 ಬೋರ್ಡ್‌ಗಳಿಗೆ ಬೇಕಾದ್ದು ಅನ್‌ಬಫರ್ಡ್ ಇಸಿಸಿ. ರಾಶಿ ರಾಶಿ ಅಗ್ಗಕ್ಕೆ ಸಿಗುವುದು ದೊಡ್ಡ ಸರ್ವರ್‌ಗಳಿಗೆ ಮಾಡಿದ ರಿಜಿಸ್ಟರ್ಡ್, ಅದನ್ನು ಹಾಕಿದರೆ ಯಂತ್ರ ಏಳುವುದೇ ಇಲ್ಲ. ರ‍್ಯಾಕ್ ಸರ್ವರ್ ಕಡೆ ಮನಸ್ಸು ಹೋದರೆ ಲೆಕ್ಕ ಹಾಕಿ: ಸುಮ್ಮನೆ ಕೂತು 100 ವ್ಯಾಟ್ ಎಳೆಯುವ ಯಂತ್ರ 30 ದಿನಕ್ಕೆ 72 ಯೂನಿಟ್, 35 ವ್ಯಾಟಿನ ಟವರ್ 25 ಯೂನಿಟ್.

ಬಳಸಿದ ಡಿಸ್ಕ್ ಕೊಳ್ಳುವುದಾದರೆ 9ನೇ ಸಾಲಿನ ಗಂಟೆ ನೋಡಿ. 43,800 ಎಂದರೆ ಐದು ವರ್ಷ ಬಿಡುವಿಲ್ಲದೆ ತಿರುಗಿದೆ. ಈ ಅಂಕಿಯನ್ನು ಸೊನ್ನೆ ಮಾಡಿ ಮಾರುವವರಿದ್ದಾರೆ. ಸೀಗೇಟ್ ಡಿಸ್ಕ್‌ಗಳಲ್ಲಿ ಫಾರ್ಮ್ ಎಂಬ ಇನ್ನೊಂದು ದಾಖಲೆ ಒಳಗಿರುತ್ತದೆ, ಸ್ಮಾರ್ಟ್‌ಸಿಟಿಎಲ್ ಸೇರಿರುವ ಸ್ಮಾರ್ಟ್‌ಮಾನ್‌ಟೂಲ್ಸ್ 7.4ರಿಂದ ಅದನ್ನು ಓದಬಹುದು. 2025ರ ಆರಂಭದಲ್ಲಿ ಬಳಸಿದ ಡಿಸ್ಕ್‌ಗಳು ಹೊಸವೆಂದು ಮಾರಾಟವಾದದ್ದು ಬಯಲಾಗಿದ್ದು ಈ ದಾಖಲೆಯಿಂದಲೇ. ಸರ್ವರ್‌ನಿಂದ ತೆಗೆದ ಕೆಲವು ಡಿಸ್ಕ್‌ಗಳು ಮನೆಯ ಪವರ್ ಕೇಬಲ್‌ಗೆ ಹಾಕಿದರೆ ತಿರುಗುವುದೇ ಇಲ್ಲ. ಸತ್ತಿದೆ ಎಂದು ಎಸೆಯಬೇಡಿ. ಸಾಟಾ ಪವರ್‌ನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಅವು ನಿದ್ರೆಗೆ ಹೋಗುವಂತೆ ಮಾಡಿರುತ್ತಾರೆ, ಆ ಪಿನ್ನಿಗೆ ವಿದ್ಯುತ್ ಹರಿಸದ ಕ್ಯಾಪ್ಟಾನ್ ಟೇಪ್ ಚೂರು ಅಂಟಿಸಿದರೆ ಏಳುತ್ತವೆ.

ಈಗಿನ ಸ್ಥಿತಿ

ಮೂರನೇ ಬೇಗೆ ಹೋಗಿ 22 ಹತ್ತಿಸಿಕೊಂಡ ಡಿಸ್ಕ್ ನೇರ ಕೇಬಲ್ ಮೇಲೆ ಓಡುತ್ತಿದೆ. ತೊಳೆದ ಮೇಲೆ ಏರಿದ ಆ ಒಂದೂ ಸೇರಿ ಅದರ ಲೆಕ್ಕ 23, ಇನ್ನೊಂದು ಮಳೆಗಾಲ ಕಳೆದರೂ ಅಷ್ಟೇ. ಕೆಟ್ಟಿತೆಂದು ನಾನು ಎತ್ತಿಟ್ಟಿದ್ದ ಮೊದಲ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಚ್ಚಿ ಉದ್ದದ ಸ್ವಪರೀಕ್ಷೆ ಓಡಿಸಿದೆ, ಒಂದೂ ದೋಷವಿಲ್ಲದೆ ಮುಗಿಸಿತು. ಈಗ ಅದರಲ್ಲಿ ಅಷ್ಟೂ ಕ್ಯಾಸೆಟ್‌ಗಳ ಎರಡನೇ ಪ್ರತಿ ಇದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಶಿರಸಿಯ ಮನೆಯಲ್ಲಿಟ್ಟಿದ್ದೇನೆ, ಮೂರು ತಿಂಗಳಿಗೊಮ್ಮೆ ಹೋದಾಗ ತೆಗೆದು ಓಡಿಸಿ ನೋಡುತ್ತೇನೆ. ಅದರ 199 ಈಗಲೂ 37.